ಕೇಪ್‌ಟೌನಿನ ಬಕೆಟ್ಟು, ಚಾಮರಾಜಪೇಟೆಯ ಬಚ್ಚಲು

ಚೊಂಬಿನ ಸಮೇತ

ನನ್ನ ಓರಗಿತ್ತಿ ಸರ್ವಮಂಗಳಕ್ಕ ಊರು ಬಿಟ್ಟು ಎಲ್ಲಿಗೇ ಹೊರಟರೂ ಅವರ ಹಿತ್ತಾಳೆ ಚೊಂಬು ಜೊತೆಗೆ ಹೊರಡುತ್ತದೆ. ಅದು ಶ್ರೀಶೈಲ ನೋಡಿದೆ, ಕಾಶಿ ನೋಡಿದೆ, ನಾದಿನಿಯ ಮಗಳ ಮದುವೆಗೆ ದಾವಣಗೆರೆಗೆ ಹೋಗಿ ಬೀಗರ ಮನೆಯಲ್ಲಿ ಕಳೆದು ಮತ್ತೆ ಸಿಕ್ಕಿದೆ. ಹೋದ ವರ್ಷ ಅದು ಸಮುದ್ರ ದಾಟಿತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಕೈಚೀಲದಿಂದ ಅದನ್ನು ಎತ್ತಿ, ಬುಡ ತಟ್ಟಿ, ಒಳಗಿದ್ದ ಚಟ್ನಿಪುಡಿಯ ಪೊಟ್ಟಣವನ್ನು ಮೂಸಿ, ಇದು ಯಾತಕ್ಕೆ ಅಂತ ಕೇಳಿದಳು.

"ಸ್ನಾನಕ್ಕಮ್ಮ. ನಿಮ್ಮನೇಲಿ ಏನು, ಮಳೇಲಿ ನಿಲ್ತೀರಾ?" ಅಂದರು ಅಕ್ಕ. ಆಕೆ ನಕ್ಕು ಚೊಂಬನ್ನೂ ಪುಡಿಯನ್ನೂ ಬಿಟ್ಟುಕೊಟ್ಟಳು.

ಆಫ್ರಿಕಾ ಖಂಡದ ಕೆಳತುದಿಯ ಕೇಪ್‌ಟೌನಿಗೆ ನಮ್ಮಂಥ ಇಬ್ಬರು ಹೆಂಗಸರು ಯಾಕೆ ಹೋಗಬೇಕಾಯಿತು ಅನ್ನುವುದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಪೆಂಗ್ವಿನ್ ನೋಡುವುದಕ್ಕೆ ಹೋದೆವು ಅಂದುಕೊಳ್ಳುತ್ತೀರಿ. ಪೆಂಗ್ವಿನ್ನುಗಳನ್ನೂ ನೋಡಿದೆವು, ಸುಳ್ಳು ಹೇಳುವುದಿಲ್ಲ. ಎಲೆ ಹಾಕಿದರೂ ಯಾರಾದರೂ ಬಂದು ಕರೆಯಲಿ ಅಂತ ಕಾಯುತ್ತ ನಿಂತ ಗಂಡಿನ ಕಡೆಯವರ ಹಾಗಿದ್ದವು. ಆದರೆ ಹೋದದ್ದು ನೀರಿನ ಸಲುವಾಗಿ.

ನಮ್ಮ ಮಾವ ಚಿಕ್ಕಪೇಟೆಯಲ್ಲಿ ಬಟ್ಟೆ ಮಾರುತ್ತಿದ್ದವರು. ಮದುವೆ ಜವಳಿಗೆ ಬಂದ ಹಳ್ಳಿಗಾಡಿನ ಗಿರಾಕಿಗಳು ರಾತ್ರಿ ಮಲಗುವುದಕ್ಕೆ ಜಾಗ ಸಿಗದೆ ಪರದಾಡುವುದನ್ನು ನೋಡಿ ಚಾಮರಾಜಪೇಟೆಯಲ್ಲಿ ಒಂದು ಲಾಡ್ಜು ಕಟ್ಟಿಸಿದರು. ಅದು ನಡೆಯಿತು. ಆಮೇಲೆ ವಿಶ್ವೇಶ್ವರಪುರಂನಲ್ಲಿ ಒಂದು, ಕೊನೆಗೆ ರೈಲಿನವರಿಗೆ ಹತ್ತಿರವಾಗಲಿ ಅಂತ ಶೇಷಾದ್ರಿಪುರಂನಲ್ಲಿ ಇನ್ನೊಂದು. ಈಗಿನವರು ಇದನ್ನು ಹೋಟೆಲ್ ಚೈನ್ ಅನ್ನುತ್ತಾರೆ. ಮಾವ 'ನಮ್ಮ ಮೂರು ಛತ್ರ' ಅನ್ನುತ್ತಿದ್ದರು. ಅವರು ಹೋದ ಮೇಲೆ ಚಾಮರಾಜಪೇಟೆಯದನ್ನು ಅಕ್ಕ, ಶೇಷಾದ್ರಿಪುರದ್ದನ್ನು ನಾನು ನೋಡಿಕೊಂಡು ಬಂದಿದ್ದೇವೆ. ಮೂರಕ್ಕೂ ಯಜಮಾನಿಕೆ ಅಕ್ಕನ ಗಂಡನದು, ಅಂದರೆ ನನ್ನ ಭಾವನದು.

ಚಾಮರಾಜಪೇಟೆಯದು ಹಳೇ ಕಾಲದ ಕಟ್ಟಡ. ರೂಮಿಗೊಂದು ಬಚ್ಚಲು ಇಲ್ಲ. ಹಿತ್ತಲಲ್ಲಿ ಸಾಲಾಗಿ ಬಚ್ಚಲುಗಳು. ಅವಕ್ಕೆ ದೂರವಾಗಿ ಕಾಂಪೌಂಡಿನ ಮೂಲೆಯಲ್ಲಿ ಕಕ್ಕಸುಗಳು. ಹೋದ ಬೇಸಿಗೆಯ ಹಿಂದಿನ ಬೇಸಿಗೆಯಲ್ಲಿ ಅಲ್ಲಿನ ಬೋರ್‌ವೆಲ್ ಒಂದು ವಾರ ಕೆಸರು ಕಾರಿ, ಆಮೇಲೆ ಬರೀ ಗಾಳಿ ಬಿಟ್ಟಿತು. ಕಾವೇರಿ ನೀರು ಬಂದ ದಿನ ಬಂತು, ಬಾರದ ದಿನ ಟ್ಯಾಂಕರ್. ಟ್ಯಾಂಕರಿನವನು ಯಾವಾಗ ಬರುತ್ತಾನೆ ಅಂತ ಕಾಯುವುದೇ ಒಂದು ಉದ್ಯೋಗವಾಯಿತು. ಕೊನೆಗೆ ಭಾವ ಒಂದು ಮಾತು ಹೇಳಿದರು: ಮುಂದಿನ ಬೇಸಿಗೆಯೊಳಗೆ ನೀರಿನ ಖರ್ಚು ತಗ್ಗುವ ದಾರಿ ಕಾಣದಿದ್ದರೆ ಆ ಲಾಡ್ಜಿಗೆ ಬೀಗ.

ನಾನು ಭಾವನ ಕಡೆಗಿದ್ದೆ. ಅಟ್ಯಾಚ್ಡ್ ಬಾತ್‌ರೂಮು ಇಲ್ಲದ ಲಾಡ್ಜಿಗೆ ಈಗ ಯಾರು ಬರುತ್ತಾರೆ, ಮುಚ್ಚಿದರೆ ಒಂದು ತಲೆನೋವು ಕಡಿಮೆ ಅಂತ ನನ್ನ ಲೆಕ್ಕ.  ಆದರೆ ಅಕ್ಕ ಸೊಸೆಯಾಗಿ ಬಂದು ಇಳಿದದ್ದು ಆ ಲಾಡ್ಜಿನ ಹಿಂದಿನ ಮನೆಗೆ. ಬೆಳಗ್ಗೆ ಎದ್ದು ಮೊದಲು ಅಲ್ಲಿನ ಬೀಗದ ಕೈ ಸೊಂಟಕ್ಕೆ ಸಿಗಿಸಿಕೊಂಡು ಆಮೇಲೆ ಕಾಫಿ ಕುಡಿಯುವವರು. ಅದನ್ನು ಮುಚ್ಚಿದರೆ ಅವರು ಬೆಳಗ್ಗೆ ಎದ್ದು ಏನು ಮಾಡುತ್ತಾರೆ ಅನ್ನುವುದನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ.

ಆ ಹೊತ್ತಿಗೆ ನನ್ನ ಲಾಡ್ಜಿನಲ್ಲಿ ಕೇಪ್‌ಟೌನಿನ ಹೆಂಗಸೊಬ್ಬಳು ತಂಗಿದ್ದಳು. ಅವರ ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಇಡೀ ಊರಿನ ನಲ್ಲಿ ನಿಂತುಹೋಗುವ ಸ್ಥಿತಿ ಬಂದಿತ್ತಂತೆ. ಆಗಲೂ ಬಾಗಿಲು ಹಾಕದೆ ನಡೆದ ಅಗ್ಗದ ಹೋಟೆಲುಗಳ ಒಂದು ಗುಂಪು ಅಲ್ಲಿದೆ, ಬರ ಹೋದರೂ ಅವರು ಆ ಅಭ್ಯಾಸ ಬಿಟ್ಟಿಲ್ಲ, ಕೇಳಿದರೆ ಎಲ್ಲ ತೋರಿಸುತ್ತಾರೆ ಅಂದಳು. ಅಕ್ಕ ಹೋಗಬೇಕು ಅಂತ ಹಟ ಹಿಡಿದರು. "ನೋಡ್ಕೊಂಡಾದ್ರೂ ಬರ್ಲಿ, ಸಮಾಧಾನ ಆಗುತ್ತೆ" ಅಂದರು ಭಾವ. ಮುಚ್ಚುವುದಕ್ಕೆ ಸಮಾಧಾನ ಅಂತ ಅದರ ಅರ್ಥ. ಅದು ಅಕ್ಕನಿಗೂ ಗೊತ್ತಿತ್ತು. ಇಂಗ್ಲಿಷಿಗೆ ಅಂತ ನನ್ನನ್ನು ಜೊತೆಗೆ ಕಳಿಸಿದರು.

ಗಾಳಿಯ ಊರು

ಕೇಪ್‌ಟೌನಿನಲ್ಲಿ ಮೊದಲು ಎದುರಾಗುವುದು ಗಾಳಿ. ಹೊರಗೆ ಕಾಲಿಟ್ಟ ಕೂಡಲೇ ಅಕ್ಕನ ಸೆರಗು ಹಿಂದೆ ಬರುತ್ತಿದ್ದವನೊಬ್ಬನ ಮುಖಕ್ಕೆ ಹೋಗಿ ಕೂತಿತು. ಆತ ಅದನ್ನು ಮೆಲ್ಲಗೆ ಬಿಡಿಸಿ, ಮಡಿಸಿ, ಕೈಗೆ ಕೊಟ್ಟು ಹೋದ. ಆಮೇಲೆ ಕಾಣುವುದು ಗುಡ್ಡ. ಊರಿಗೆ ಊರನ್ನೇ ಬೆನ್ನಿಗೆ ಒರಗಿಸಿಕೊಂಡ ಆ ಗುಡ್ಡದ ನೆತ್ತಿ ದೋಸೆ ಹೆಂಚಿನಷ್ಟು ಚಪ್ಪಟೆ. ಗಾಳಿ ಎದ್ದ ದಿನ ಅದರ ಮೇಲೆ ಬಿಳೀ ಮೋಡ ಬಂದು ಹಿಟ್ಟು ಹರಡಿದ ಹಾಗೆ ಅಂಚಿನವರೆಗೂ ಹಬ್ಬುತ್ತದೆ.

ಅಲ್ಲಿ ಎದುರು ಬಂದವರೆಲ್ಲ ಹೇಗಿದ್ದೀರಿ ಅಂತ ಕೇಳುತ್ತಾರೆ. ಅಂಗಡಿಯವರು, ಕಾವಲಿನವರು, ಬಸ್ಸಿನವರು. ಅದಕ್ಕೆ ಚೆನ್ನಾಗಿದ್ದೇನೆ ಅಂದು ಮುಂದೆ ಹೋಗಬೇಕು. ನಮ್ಮ ಅಕ್ಕ ಕೇಳಿದವರಿಗೆ ಉತ್ತರ ಕೊಡದೆ ಹೋಗುವವರಲ್ಲ. ಬಾಳೆಹಣ್ಣು ಕೊಂಡಲ್ಲಿ ಗಲ್ಲಾದ ಹೆಂಗಸಿಗೆ ತಮ್ಮ ಎಡ ಮಂಡಿಯ ಕಥೆಯನ್ನು ನನ್ನ ಬಾಯಿಂದ ಪೂರ್ತಿ ಹೇಳಿಸಿದರು. ನಮ್ಮ ಹಿಂದೆ ಜನ ನಿಂತಿದ್ದರು. ಆಕೆ ಅವಸರ ಮಾಡದೆ ಕೇಳಿ, ತನ್ನ ತಾಯಿಗೂ ಹಾಗೇ ಇದೆ ಅಂದು ಒಂದು ಮುಲಾಮಿನ ಹೆಸರು ಹೇಳಿದಳು. ಹಿಂದೆ ನಿಂತವರಲ್ಲಿ ಒಬ್ಬರು ಅದಕ್ಕಿಂತ ಒಳ್ಳೆಯದು ಇನ್ನೊಂದು ಇದೆ ಅಂದರು. ಗಾಂಧಿಬಜಾರಿನಲ್ಲಿ ಹೂವಿನವರ ಮುಂದೆ ನಿಂತ ಹಾಗಾಯಿತು.

ಈಗ ಬರುತ್ತೇನೆ ಅಂದವರು ಅಲ್ಲಿ ಈಗ ಬರುವುದಿಲ್ಲ. ಅದಕ್ಕೂ ಅಕ್ಕ ನನಗಿಂತ ಬೇಗ ಒಗ್ಗಿದರು. ನಮ್ಮ ಎಲೆಕ್ಟ್ರಿಷಿಯನ್ನು 'ಬಂದೆ, ಆನ್ ದ ವೇ' ಅನ್ನುವುದು ಮನೆಯಲ್ಲಿ ಲುಂಗಿ ಉಟ್ಟುಕೊಂಡೇ ಅಲ್ಲವೇ.

ನಾವು ಇಳಿದುಕೊಂಡದ್ದು ಆ ಗುಂಪಿನದೇ ಒಂದು ಹೋಟೆಲಿನಲ್ಲಿ; ಅದರ ಮ್ಯಾನೇಜರ್ ನೋಲೀನ್ ಅನ್ನುವಾಕೆ. ಐವತ್ತು ದಾಟಿದ, ಗಟ್ಟಿ ದನಿಯ, ನಡೆಯುವಾಗಲೇ ಮಾತು ಮುಗಿಸುವ ಹೆಂಗಸು. ಕಾರಿನಿಂದ ಇಳಿಯುತ್ತಲೇ ಅಕ್ಕ ತಾರಸಿ ನೋಡಿ ನನ್ನ ಕಿವಿಯಲ್ಲಿ, "ಇವರಿಗೆ ಯಾರೋ ಮೋಸ ಮಾಡಿದಾರೆ ಶೈಲಾ. ಸೋಲಾರ್‌ನ ಉತ್ತರಕ್ಕೆ ತಿರುಗಿಸಿ ಕೂರಿಸಿದಾರೆ" ಅಂದರು. ನನಗೂ ಹಾಗೇ ಅನ್ನಿಸಿತು. ನೋಲೀನಳನ್ನು ಕೇಳಿದರೆ, ಅವರ ಊರಿನಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಇರುತ್ತಾನಂತೆ. ನಮ್ಮಲ್ಲಿ ದಕ್ಷಿಣಕ್ಕೆ ಮುಖ ಮಾಡಿದರೆ ಬಿಸಿನೀರು, ಅವರಲ್ಲಿ ಉತ್ತರಕ್ಕೆ. ಅಕ್ಕ ಆಕಾಶ ನೋಡಿ, ಇರಲಿ, ಹುಟ್ಟೋದಾದರೂ ಪೂರ್ವದಲ್ಲೇ ತಾನೆ ಅಂತ ಖಾತ್ರಿ ಮಾಡಿಕೊಂಡರು. ಬೆಳಗಿನ ಲಿಂಗಪೂಜೆಗೆ ದಿಕ್ಕು ಬೇಕಿತ್ತು.

ರೂಮು ಚಿಕ್ಕದು, ಚೊಕ್ಕ. ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಳ್ಳಲು ಪುಟ್ಟ ಸೋಪುಗಳು ಇರಲಿಲ್ಲ. ಗೋಡೆಗೆ ಬಡಿದ ಸೀಸೆಯಲ್ಲಿ ಸೋಪಿನ ನೀರಿತ್ತು. ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. ಷವರಿನ ಗೂಡಿಗೆ ಒಂದು ಮರಳಿನ ಗಡಿಯಾರ ಅಂಟಿಸಿದ್ದರು, ಮರಳು ಇಳಿಯುವುದರೊಳಗೆ ಸ್ನಾನ ಮುಗಿಸಬೇಕು ಅಂತ. ಅಕ್ಕ ಅದನ್ನು ಕಿತ್ತು ತಂದು ಟೀ ಎಷ್ಟು ಹೊತ್ತು ಕುದಿಯಬೇಕು ಅನ್ನುವುದಕ್ಕೆ ಇಟ್ಟುಕೊಂಡರು.

ಷವರಿನ ಕೆಳಗೆ ಒಂದು ಬಕೆಟ್ಟಿತ್ತು. ಹಸಿರು ಬಣ್ಣದ ಒಳ್ಳೇ ಪ್ಲಾಸ್ಟಿಕ್ ಬಕೆಟ್ಟು.

ಪರದೇಶ ಸುತ್ತಿದ ನಮ್ಮವರನ್ನು ಯಾರನ್ನಾದರೂ ಕೇಳಿ, ಅಲ್ಲಿ ಎಲ್ಲ ಇರುತ್ತೆ, ಬಕೆಟ್ಟೊಂದು ಇರಲ್ಲ ಅನ್ನುತ್ತಾರೆ.  ಅಕ್ಕ ಚೀಲದಿಂದ ಚೊಂಬು ತೆಗೆದು ಅದರ ಪಕ್ಕದಲ್ಲಿಟ್ಟು, "ನೋಡು, ಎಷ್ಟು ತಿಳುವಳಿಕೆ ಇರೋ ಜನ. ನಾವು ಬರ್ತೀವಿ ಅಂತ ತರಿಸಿಟ್ಟಿದಾರೆ" ಅಂದರು. ತಂದಿದ್ದ ನೈಲಾನ್ ಹಗ್ಗವನ್ನು ಷವರಿನ ಕೊಳವೆಯಿಂದ ಬಾಗಿಲ ಕೊಕ್ಕೆಗೆ ಕಟ್ಟಿ, ಒಗೆದ ಸೀರೆಯನ್ನು ಅದರ ಮೇಲೆ ಹರಡಿದರು. ಗೋಡೆ ಪೂರ್ತಿ ಮುಚ್ಚಿಹೋಯಿತು. ಆ ಗೋಡೆಯ ಮೇಲೆ ಏನಿತ್ತು ಅಂತ ನಾವು ನೋಡಲಿಲ್ಲ.

ಬೆಳಗ್ಗೆ ಒಂದೊಂದು ಬಕೆಟ್ಟು ನೀರಿನಲ್ಲಿ ಇಬ್ಬರೂ ಸುಖವಾಗಿ ಸ್ನಾನ ಮಾಡಿದೆವು. ಅಕ್ಕ ಅದೇ ಬಕೆಟ್ಟಿನಿಂದ ಚೊಂಬು ತುಂಬಿಟ್ಟುಕೊಂಡು, ಪೂರ್ವಕ್ಕೆ ಕೂತು, ಕರಡಿಗೆಯಿಂದ ಲಿಂಗ ತೆಗೆದು, ಅಂಗೈಯಲ್ಲಿಟ್ಟು ಪೂಜೆ ಮಾಡಿದರು. ಬಕೆಟ್ಟನ್ನು ಒರೆಸಿ ಬೋರಲು ಹಾಕಿದೆವು. ಹೀಗೇ ಮರುದಿನವೂ, ಅದರ ಮರುದಿನವೂ.

ಬುಗ್ಗೆಯ ಸಾಲಿನಲ್ಲಿ

ನೋಲೀನ್ ಒಂದು ಮಧ್ಯಾಹ್ನ ನಮ್ಮನ್ನು ಗುಡ್ಡದ ಬುಡದಲ್ಲಿ ಬುಗ್ಗೆ ನೀರು ಹಿಡಿಯುವ ಜಾಗಕ್ಕೆ ಕರೆದುಕೊಂಡು ಹೋದಳು. ಅವಳ ಕಾರಿನ ಮೇಲೆ ಧೂಳು ಒಂದು ಪದರ ಕೂತಿತ್ತು. ಬರದ ಕಾಲದಲ್ಲಿ ಕಾರು ತೊಳೆದವರನ್ನು ಜನ ಕೆಟ್ಟದಾಗಿ ನೋಡುತ್ತಿದ್ದರಂತೆ; ಧೂಳು ಕೂತ ಕಾರೇ ಮರ್ಯಾದೆಯ ಗುರುತು. ಅವಳಿಗೆ ಆ ಅಭ್ಯಾಸ ಉಳಿದುಕೊಂಡಿದೆ. ನಾನು ಅಕ್ಕನಿಗೆ ಹೇಳಿದೆ. ಬಸವನಗುಡಿಯಲ್ಲಿ ಬೆಳಗಿನ ವಾಕಿಂಗ್ ಹೋದರೆ ಕಾರು ತೊಳೆದ ನೀರು ತುಳಿಯದೆ ಒಂದು ರಸ್ತೆ ದಾಟಲಾಗುವುದಿಲ್ಲ ಅನ್ನುವುದನ್ನು ನಾವಿಬ್ಬರೂ ನೋಲೀನಳಿಗೆ ಹೇಳಲಿಲ್ಲ.

ಬುಗ್ಗೆಯ ಹತ್ತಿರ ಜನ ಕ್ಯಾನು ಹಿಡಿದು ಸಾಲಿನಲ್ಲಿದ್ದರು. ದೊಡ್ಡ ಕಾರಿನವರು, ಕೈಗಾಡಿಯವರು, ಎಲ್ಲ ಒಂದೇ ಸಾಲು. ಯಾರೂ ಜಗಳ ಆಡುತ್ತಿರಲಿಲ್ಲ. ಅದೇ ಅಕ್ಕನಿಗೆ ಅನುಮಾನ. ಸಾಲಿನ ನಡುವೆ ಒಬ್ಬ ತನ್ನ ಕ್ಯಾನು ಇಟ್ಟು ಫೋನಿನಲ್ಲಿ ಮಾತಾಡುತ್ತ ದೂರ ಹೋಗಿದ್ದ. ಅವನ ಹಿಂದಿನವರು ಸುಮ್ಮನೆ ಕಾಯುತ್ತಿದ್ದರು. ಅಕ್ಕ ಹೋಗಿ ಆ ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಹಿಂದಿನ ಮುದುಕಿಗೆ ಮುಂದೆ ಹೋಗುವಂತೆ ಕೈಮಾಡಿದರು. ಆಕೆ ಹೋದಳು. ಫೋನಿನವನು ವಾಪಸು ಬಂದು, ಸೀರೆಯುಟ್ಟ ಒಬ್ಬರು ತನ್ನ ಕ್ಯಾನಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿರುವುದನ್ನು ನೋಡಿ, ಕ್ಷಮೆ ಕೇಳಿ, ಸಾಲಿನ ಕೊನೆಗೆ ಹೋದ. ನೋಲೀನ್ ಬಾಯಿ ಮುಚ್ಚಿಕೊಂಡು ನಕ್ಕಳು. ನಾವು ಹೊರಡುವವರೆಗೂ ಅಕ್ಕ ಅಲ್ಲಿ ಸಾಲು ನೋಡಿಕೊಂಡರು.

ವಾಪಸು ಬರುವಾಗ ಮಾತ್ರ ಅವರು ಸಪ್ಪಗಿದ್ದರು. ಇಲ್ಲಿಯವರೆಗೆ ನೋಡಿದ್ದರಲ್ಲಿ ಚಾಮರಾಜಪೇಟೆಗೆ ಒದಗುವುದು ಏನೂ ಇಲ್ಲ ಅಂದರು. ಗುಡ್ಡ ಇಲ್ಲ, ಬುಗ್ಗೆ ಇಲ್ಲ. ಒಂದು ಬಕೆಟ್ಟಿನಲ್ಲಿ ಸ್ನಾನ ಮಾಡುವುದನ್ನು ನಮ್ಮ ಗಿರಾಕಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಸಮಾಧಾನ ಹೇಳಲು ಹೋಗಲಿಲ್ಲ. ನನಗೆ ಅನ್ನಿಸಿದ್ದೂ ಅದೇ.

ತಿಂಡಿಯ ಹೊತ್ತು

ಮಾರನೇ ಬೆಳಗ್ಗೆ ನಾವು ಬ್ರೆಡ್ಡಿನ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಕೂತಿದ್ದಾಗ ನೋಲೀನ್ ಬಂದು ಪಕ್ಕದಲ್ಲಿ ಕೂತಳು. ಎಲ್ಲ ಅನುಕೂಲವಾಗಿದೆಯೇ ಅಂತ ವಿಚಾರಿಸಿದಳು. ಆಮೇಲೆ, ಕೊಟ್ಟ ಪಾತ್ರೆಯನ್ನು ನೆಂಟರಿಂದ ವಾಪಸು ಕೇಳುವಾಗ ನಾವು ಎಳೆಯುವ ಹಾಗೆ ಮಾತು ಎಳೆದಳು. ರೂಮು ಗುಡಿಸುವಾಕೆ ಹೇಳಿದಳಂತೆ, ನಮ್ಮ ಬಕೆಟ್ಟು ದಿನಾ ಒಣಗಿರುತ್ತದೆ ಅಂತ. ನನಗೆ ಹೆಮ್ಮೆಯಾಯಿತು. ಹೌದು, ನಾವು ಒರೆಸಿ ಬೋರಲು ಹಾಕುತ್ತೇವೆ, ಮನೆಯಲ್ಲೂ ಹಾಗೇ ಅಂದೆ.  ಬೇರೆಯವರದೆಲ್ಲ ತುಂಬಿರುತ್ತದೆ ಅಂದಳು ನೋಲೀನ್. ಯಾವುದರಿಂದ ತುಂಬಿರುತ್ತದೆ ಅಂತ ನಾನು ಕೇಳಿದೆ.

ಷವರಿನ ಕೆಳಗೆ ನಿಂತು ಸ್ನಾನ ಮಾಡುವಾಗ ಮೈಮೇಲಿಂದ ಬಿದ್ದ ನೀರು ಆ ಬಕೆಟ್ಟಿಗೆ ಬೀಳಬೇಕು. ಅದನ್ನು ಆಮೇಲೆ ಕಮೋಡಿಗೆ ಸುರಿಯಬೇಕು. ಫ್ಲಷ್ ಒತ್ತಬಾರದು ಅಂತೇನಿಲ್ಲ, ಆದರೆ ಒತ್ತದಿದ್ದರೆ ಒಳ್ಳೆಯದು. ಬರದ ಕಾಲದಿಂದ ಆ ಬಕೆಟ್ಟುಗಳು ಇರುವುದು ಅದಕ್ಕೇ. ಗೋಡೆಯ ಮೇಲೆ ಚಿತ್ರ ಇದೆಯಲ್ಲ ಅಂದಳು.

"ಏನಂತೆ?" ಅಂದರು ಅಕ್ಕ.

ನಾನು ಬ್ರೆಡ್ಡಿನ ಅಂಚು ಕಿತ್ತೆ.

"ಏನಂತೆ ಹೇಳೇ."

"ಅದು ಕಕ್ಕಸಿಗೆ ನೀರು ಹಾಕೋ ಬಕೆಟ್ಟಂತೆ ಅಕ್ಕ."

ಅಕ್ಕ ಕೈಯಲ್ಲಿದ್ದುದನ್ನು ತಟ್ಟೆಗೆ ಇಟ್ಟರು. ಕೈ ಒರೆಸಿಕೊಂಡು, ಎದ್ದು, ರೂಮಿಗೆ ಹೋದರು. ನಾನೂ ಹಿಂದೆ ಹೋದೆ. ಬಚ್ಚಲಿನಲ್ಲಿ ಹಗ್ಗದ ಮೇಲಿದ್ದ ಸೀರೆಯನ್ನು ಪಕ್ಕಕ್ಕೆ ಸರಿಸಿದರೆ ಗೋಡೆಯ ಮೇಲೆ ಚಿತ್ರ ಇತ್ತು: ಷವರು, ಅದರ ಕೆಳಗೆ ಬಕೆಟ್ಟು, ಅಲ್ಲಿಂದ ಕಮೋಡಿಗೆ ಒಂದು ಬಾಣ. ಪಕ್ಕದಲ್ಲಿ ನಿಂತ ಗೆರೆಯ ಮನುಷ್ಯ ನಗುತ್ತಿದ್ದ.

ಅಕ್ಕ ಮಂಚದ ಮೇಲೆ ಕೂತರು. ಕೊರಳಿನಲ್ಲಿದ್ದ ಕರಡಿಗೆಯನ್ನು ಮುಟ್ಟಿದರು, ಬಿಟ್ಟರು, ಮತ್ತೆ ಮುಟ್ಟಿದರು. ನಾನು ನಗಬಾರದು ಅಂತ ಕಿಟಕಿಯ ಕಡೆ ತಿರುಗಿ ಗುಡ್ಡ ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವರ ಕಣ್ಣು ತುಂಬಿತ್ತು. ಆಮೇಲೆ ನಗು ಬರಲಿಲ್ಲ.

"ಮದುವೆಯಾಗಿ ಬಂದ ಹೊಸದರಲ್ಲಿ," ಅಂತ ಅವರೇ ಶುರು ಮಾಡಿದರು, "ನಾನು ಮುಟ್ಟಾದೆ ಅಂತ ಹಿತ್ತಲ ಬಾಗ್ಲಲ್ಲಿ ನಿಂತಿದ್ದೆ. ಅತ್ತೆ ಬಂದು, ಅಲ್ಯಾಕೆ ನಿಂತೆ, ರೊಟ್ಟಿ ಯಾರು ತಟ್ಟೋರು ಅಂದ್ರು. ಹೊರಗಾಗಿದೀನಿ ಅಂದೆ. ಲಿಂಗ ಕಟ್ಕೊಂಡೋರಿಗೆ ಸೂತಕ ಇಲ್ಲ, ಒಳಗೆ ಬಾ ಅಂದ್ರು."

ನಾನು ಅವರ ಪಕ್ಕದಲ್ಲಿ ಕೂತೆ.

"ಮನುಷ್ಯರಿಗೇ ಇಲ್ಲ ಅಂದಮೇಲೆ ಬಕೆಟ್ಟಿಗೆ ಎಲ್ಲಿಂದ ಬಂತು?" ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಬೆರಳು ತೋರಿಸಿ, "ಆದ್ರೆ ಇದನ್ನ ಊರಲ್ಲಿ ಯಾರಿಗೂ ಹೇಳ್ಕೂಡದು. ನಿನ್ನ ಗಂಡನಿಗೂ. ನನ್ನ ಮೇಲಾಣೆ" ಅಂದರು. ಆಣೆ ಮಾಡಿದೆ. ಅವರು ಚೊಂಬನ್ನು ಸೀಸೆಯ ಸೋಪು ಅರ್ಧ ಖಾಲಿಯಾಗುವ ತನಕ ಉಜ್ಜಿದರು. ಸೂತಕ ಇಲ್ಲ ಅನ್ನುವುದು ಬೇರೆ, ಚೊಂಬು ಉಜ್ಜುವುದು ಬೇರೆ.

ಹೋಟೆಲಿನ ಹಿತ್ತಲು

ನೋಲೀನಳಿಗೆ ವಿಷಯ ತಿಳಿದಾಗ ಅವಳು ಕ್ಷಮೆ ಕೇಳಿದ್ದೇ ಕೇಳಿದ್ದು, ಕೈಮುಗಿಯುವುದೊಂದು ಬಾಕಿ. ಆದರೆ ಒಂದು ಬಕೆಟ್ಟಿನಲ್ಲಿ ಇಡೀ ಸ್ನಾನ ಹೇಗೆ ಮುಗಿಯುತ್ತದೆ ಅಂತ ಅವಳಿಗೆ ಕುತೂಹಲ. ಅಕ್ಕ ಊಟದ ಮನೆಯಲ್ಲೇ ಕುರ್ಚಿಯ ಮೇಲೆ ಕೂತು, ಖಾಲಿ ಚೊಂಬು ಹಿಡಿದು, ಮೊದಲು ಕಾಲಿಗೆ, ಆಮೇಲೆ ಭುಜಕ್ಕೆ, ಕೊನೆಗೆ ತಲೆಗೆ ಅಂತ ಮಾಡಿ ತೋರಿಸಿದರು. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ನೋಲೀನ್ ಮೆಚ್ಚಿದಳು. ಮೆಚ್ಚಿ, ಒಂದು ಮಾತು ಹೇಳಿದಳು. ನೀವು ನಮಗಿಂತ ಕಡಿಮೆ ನೀರು ಸುರಿದುಕೊಳ್ಳುತ್ತೀರಿ, ಸರಿ. ಆದರೆ ಸುರಿದ ಮೇಲೆ ಅದು ಎಲ್ಲಿಗೆ ಹೋಯಿತು? ಒಂದು ಹನಿಯನ್ನೂ ಹಿಡಿಯಲಿಲ್ಲವಲ್ಲ. ಆಮೇಲೆ ಕಮೋಡಿಗೆ ಮತ್ತೆ ಕುಡಿಯುವ ನೀರನ್ನೇ ಬಿಟ್ಟಿರಿ.

ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಚೊಂಬು ಕೆಳಗಿಟ್ಟು, ಇವರ ಹಿತ್ತಲು ನೋಡಬೇಕು ಅಂದರು.

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಮನೆ. ಕೊನೆಯ ಸಲ ಜಾಲಿಸಿದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮುಂದಿನ ಒಗೆತದ ಮೊದಲ ನೀರಿಗೆ ಬಳಸುತ್ತಿದ್ದರು. ಅದು ಅಕ್ಕನಿಗೆ ಹಿಡಿಸಿತು. ತಂಗಿದವರು ಹೋಗುವ ತನಕ ಹಾಸಿಗೆ ಬಟ್ಟೆ ಬದಲಿಸುವುದಿಲ್ಲ ಅಂದಾಗ ತಲೆ ಅಲ್ಲಾಡಿಸಿದರು. ನಮ್ಮಲ್ಲಿ ಜವಳಿಗೆ ಬಂದವರು ಇಬ್ಬರ ರೂಮಿನ ಬಾಡಿಗೆ ಕೊಟ್ಟು ಮನೆಮಂದಿಯೆಲ್ಲ ಮಲಗುತ್ತಾರೆ, ಅದು ಆಗದ ಮಾತು ಅಂತ. ಉಳಿದ ಅನ್ನ, ತರಕಾರಿ ಸಿಪ್ಪೆ ತಿನ್ನುವ ಎರೆಹುಳುಗಳ ಪೆಟ್ಟಿಗೆಯನ್ನು ನೋಡಿ ಬೇಗ ಮುಚ್ಚಳ ಹಾಕಿದರು.

ಕೊನೆಗೆ ನೋಲೀನ್ ಗೋಡೆಯಲ್ಲಿ ಇಳಿದ ಪೈಪುಗಳನ್ನು ತೋರಿಸಿದಳು. ಅವಳ ಕಷ್ಟ ಅಲ್ಲಿತ್ತು. ಈ ಕಟ್ಟಡದಲ್ಲಿ ಬಚ್ಚಲೂ ಕಮೋಡೂ ಒಂದೇ ಕೋಣೆ, ನೀರು ಇಳಿಯುವುದೂ ಒಂದೇ ಪೈಪಿನಲ್ಲಿ. ಒಮ್ಮೆ ಕೂಡಿದ ಮೇಲೆ ಅದು ಯಾವುದಕ್ಕೂ ಬರುವುದಿಲ್ಲ. ಅದಕ್ಕೇ ಗಿರಾಕಿಯ ಕೈಗೆ ಬಕೆಟ್ಟು ಕೊಟ್ಟು ದಮ್ಮಯ್ಯ ಅನ್ನಬೇಕು. ಅವರ ಗುಂಪಿನ ಹೊಸ ಹೋಟೆಲಿನಲ್ಲಿ ಮೊದಲೇ ಎರಡು ಪೈಪು ಹಾಕಿದ್ದಾರೆ. ಸ್ನಾನದ ನೀರು ಬೇರೆಯಾಗಿ ಇಳಿದು, ಸೋಸಿ, ಕಮೋಡಿನ ತೊಟ್ಟಿಗಳಿಗೆ ಏರುತ್ತದೆ. ಅಲ್ಲಿ ಯಾರಿಗೂ ಬಕೆಟ್ಟು ಬೇಡ. ಇಲ್ಲೂ ಹಾಗೆ ಮಾಡಬೇಕು ಅಂದರೆ ಎಲ್ಲ ಗೋಡೆ ಒಡೆಯಬೇಕು, ಅಷ್ಟು ಕಾಲ ಹೋಟೆಲು ಮುಚ್ಚಬೇಕು. ಮೇಲಿನವರು ಒಪ್ಪುವುದಿಲ್ಲ. ಅವಳು ಕೇಳಿ ಕೇಳಿ ಸುಸ್ತಾಗಿದ್ದಾಳೆ.

ನಾನು ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕ ಪೈಪನ್ನೇ ನೋಡುತ್ತಿದ್ದರು.

"ಶೈಲಾ, ನಮ್ಮ ಚಾಮರಾಜಪೇಟೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?"

"ಮೋರಿಗೆ."

"ಮೋರಿಗೆ ಹೋಗೋ ಮುಂಚೆ?"

ನಾನು ನಮ್ಮ ಹಿತ್ತಲನ್ನು ನೆನಪಿಸಿಕೊಂಡೆ. ಬಚ್ಚಲುಗಳ ಹಿಂದೆ ಒಂದು ಕಲ್ಲಿನ ಕಾಲುವೆ ಇತ್ತು. ಎಲ್ಲ ಬಚ್ಚಲಿನ ನೀರೂ ಅದರಲ್ಲಿ ಕೂಡಿ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಭಾವ ಬಾಳೆ ಕಡಿಸಿ, ಕಾಲುವೆಗೆ ಚಪ್ಪಡಿ ಮುಚ್ಚಿಸಿ, ಸ್ಕೂಟರ್ ನಿಲ್ಲಿಸಲು ಜಾಗ ಮಾಡಿಸಿದ್ದರು. ಕಾಲುವೆ ಚಪ್ಪಡಿಯ ಕೆಳಗೆ ಹಾಗೇ ಇದೆ. ಕಕ್ಕಸಿನ ಪೈಪು ಕಾಂಪೌಂಡಿನ ಇನ್ನೊಂದು ಮೂಲೆಯಲ್ಲಿ, ಅದರ ಪಾಡಿಗೆ ಅದು. ಲಾಡ್ಜು ಕಟ್ಟುವಾಗ ಮಾವನ ತಾಯಿ, ಬಚ್ಚಲಿಗೂ ಕಕ್ಕಸಿಗೂ ಒಂದೇ ಗೋಡೆ ಇರಕೂಡದು ಅಂತ ಊಟ ಬಿಟ್ಟು ಕೂತಿದ್ದರಂತೆ.

"ಸೂತಕ ಇಲ್ಲ ಅನ್ನೋ ಮನೇಲೇ ಅಜ್ಜಿ ಕಕ್ಕಸನ್ನ ಮಾತ್ರ ಊರಾಚೆ ಇಟ್ರು ನೋಡು" ಅಂದರು ಅಕ್ಕ. ಬೆಳಗ್ಗೆ ಹೋಗಿದ್ದ ಮುಖದ ಬಣ್ಣ ವಾಪಸು ಬಂದಿತ್ತು. "ಇವರು ಗೋಡೆ ಒಡೆದು ಮಾಡಬೇಕಾದ್ದು ನಮ್ಮಲ್ಲಿ ಚಪ್ಪಡಿ ಎತ್ತಿದ್ರೆ ಇದೆ."

ಮೂರು ಲಾಡ್ಜಿನಲ್ಲಿ ಅದು ಆಗುವುದು ನಾವು ಮುಚ್ಚಬೇಕೆಂದಿದ್ದ ಆ ಒಂದರಲ್ಲಿ ಮಾತ್ರ ಅನ್ನುವುದು ನನಗೆ ಆಗ ಹೊಳೆಯಿತು. ಅಕ್ಕನಿಗೆ ಅದಕ್ಕೂ ಮುಂಚೆಯೇ ಹೊಳೆದಿತ್ತು.

"ನಿಂದು ಅಟ್ಯಾಚ್ಡು ಅಂತ ದೊಡ್ಡ ಬೋರ್ಡು ಹಾಕಿದೀಯ. ಅಂಟಿಸಿದ್ದನ್ನ ಬಿಡಿಸೋದು ಹೆಂಗೆ ಅಂತ ಈಗಿಂದ್ಲೇ ಯೋಚನೆ ಮಾಡು."

ಹೊರಡುವ ದಿನ ನೋಲೀನ್, ಇಂಡಿಯಾದಿಂದ ಇನ್ನು ಯಾರಾದರೂ ಬಂದರೆ ಹೀಗಾಗದ ಹಾಗೆ ಗೋಡೆಯ ಮೇಲೆ ಏನು ಬರೆಸಲಿ ಅಂತ ಕೇಳಿದಳು. ಅಕ್ಕ, ಬರೆದದ್ದನ್ನು ಯಾರೂ ಓದುವುದಿಲ್ಲ, ಬಕೆಟ್ಟನ್ನು ಕಮೋಡಿನ ಪಕ್ಕ ಇಡಿ, ಷವರಿನ ಕೆಳಗಿಟ್ಟರೆ ನಾವು ಸ್ನಾನ ಮಾಡಿಯೇ ಮಾಡುತ್ತೇವೆ ಅಂತ ಹೇಳಿಸಿದರು.

ಮತ್ತೆ ಚಾಮರಾಜಪೇಟೆ

ಊರಿಗೆ ಬಂದವರೇ ಅಕ್ಕ ಸ್ಕೂಟರುಗಳನ್ನು ರಸ್ತೆಗೆ ಕಳಿಸಿ ಚಪ್ಪಡಿ ಎತ್ತಿಸಿದರು. ಕಾಲುವೆಯಲ್ಲಿ ಹೂಳು, ಸೋಪಿನ ಕಾಗದ, ಯಾರದೋ ಬೆಳ್ಳಿಯ ಕಾಲುಂಗುರ. ತೊಳೆಸಿದರೆ ಕಲ್ಲು ಕಲ್ಲಿನ ಹಾಗೇ ಇತ್ತು. ಅದರ ಬಾಯಿಗೆ ಮೇಸ್ತ್ರಿ ಒಂದು ತೊಟ್ಟಿ ಕಟ್ಟಿದ. ಜಲ್ಲಿ, ಮರಳು, ಇದ್ದಿಲು ಹಾಕಿ ಸೋಸುವ ವ್ಯವಸ್ಥೆ. ಅಲ್ಲಿಂದ ಒಂದು ಪುಟ್ಟ ಪಂಪು ಕಕ್ಕಸುಗಳ ಮೇಲಿನ ಟ್ಯಾಂಕಿಗೆ. ದಿನದ ನೀರು ದಿನವೇ ಖರ್ಚಾಗಬೇಕು, ಉಳಿದರೆ ಬಾಳೆಗೆ. ಬಾಳೆಯ ಕಂದನ್ನು ಅಕ್ಕನೇ ತಂದು ನೆಟ್ಟರು. ನಾನು ದಿನಾ ಶೇಷಾದ್ರಿಪುರಂನಿಂದ ಬಂದು ನೋಡಿಕೊಂಡು ಹೋಗುತ್ತಿದ್ದೆ, ಕೆಲಸ ಇಲ್ಲದಿದ್ದರೂ.

ಪಂಪು ಹಾಕುವ ದಿನ ಭಾವ ಬಂದರು. ನಮ್ಮ ಮನೆಯವರೂ ಇದ್ದರು, ಮೇಸ್ತ್ರಿಯೂ ಇದ್ದ. ಭಾವ ತೊಟ್ಟಿಯ ಸುತ್ತ ಒಂದು ಸುತ್ತು ಬಂದರು. ಲೆಕ್ಕ ಅವರಿಗೆ ಅರ್ಥವಾಗಿತ್ತು. ಟ್ಯಾಂಕರಿನ ನೀರಿನ ದೊಡ್ಡ ಪಾಲು ಕಕ್ಕಸಿಗೇ ಹೋಗುತ್ತಿತ್ತು ಅಂತ ಅವರಿಗೆ ಗೊತ್ತು. ಆದರೆ ಮುಖ ಸಡಿಲವಾಗಲಿಲ್ಲ.

"ಎಲ್ಲಾ ಸರಿ ಮಂಗಳಾ. ಇದು ಯಾರ್ಯಾರೋ ಮೈ ತೊಳೆದ ನೀರು. ಲಾಡ್ಜಿಗೆ ಬಂದೋರಿಗೆ ಗೊತ್ತಾದ್ರೆ ಅಸಹ್ಯ ಪಟ್ಕೋತಾರೆ. ಪಕ್ಕದ ಲಾಡ್ಜಿನೋರಂತೂ ಡಂಗುರ ಹೊಡೀತಾರೆ. ನಮ್ಮಪ್ಪ ಕಟ್ಟಿದ ಹೆಸರು. ಬೇಡ, ಮರ್ಯಾದೆಯಾಗಿ ಮುಚ್ಚಿಬಿಡೋಣ."

ಮೇಸ್ತ್ರಿ ಪಂಪಿನ ವೈರು ಕೈಯಲ್ಲಿ ಹಿಡಿದು ನಿಂತಿದ್ದ. ಅಕ್ಕ ಸೊಂಟದ ಬೀಗದ ಕೈ ಒಮ್ಮೆ ಮುಟ್ಟಿಕೊಂಡರು. ನನ್ನ ಕಡೆ ನೋಡಿದರು. ಅವರು ಏನು ಹೇಳಹೊರಟಿದ್ದಾರೆ ಅಂತ ನನಗೆ ತಿಳಿಯಿತು. ಬೇಡ ಅಂತ ಕಣ್ಣಲ್ಲೇ ಅಂದೆ.

"ರೀ, ಆ ಊರಲ್ಲಿ ನಾನು ಕಕ್ಕಸಿನ ಬಕೆಟ್ಟಲ್ಲಿ ಸ್ನಾನ ಮಾಡ್ದೆ," ಅಂದರು ಅಕ್ಕ. "ಒಂದಿನ ಅಲ್ಲ, ದಿನಾ. ಅದೇ ಬಕೆಟ್ಟಿನ ನೀರಲ್ಲಿ ಲಿಂಗಪೂಜೆ ಮಾಡ್ದೆ. ಪೂಜೆಗೆ ಬಂದ ನೀರು ನಿಮ್ಮ ಗಿರಾಕಿಗಳ ಕಕ್ಕಸಿಗೆ ಬರಲ್ವಾ?"

 ನಮ್ಮ ಮನೆಯವರು ಆಕಾಶ ನೋಡಿದರು. ಭಾವ ನನ್ನ ಕಡೆ ತಿರುಗಿ, "ಹೌದಾ ಶೈಲಾ?" ಅಂತ ಕೇಳಿದರು. ಆಣೆ ಮಾಡಿದವಳು ನಾನು, ಅಕ್ಕನ ಮುಖ ನೋಡಿದೆ.

"ಹೇಳು" ಅಂದರು ಅಕ್ಕ.

"ಹೌದು ಭಾವ. ನಾನೂ ಮಾಡಿದೆ."

ಭಾವ ಚಪ್ಪಲಿ ಬಿಟ್ಟು ಮೊದಲ ಬಚ್ಚಲಿಗೆ ಹೋಗಿ, ಅಲ್ಲಿದ್ದ ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದು ಕಾಲು ತೊಳೆದುಕೊಂಡರು. ಆ ನೀರು ಗೋಡೆಯ ಬುಡದ ಕಿಂಡಿಯಿಂದ ಹೊರಗೆ ಬಂದು, ಕಲ್ಲಿನ ಕಾಲುವೆಯಲ್ಲಿ ಹರಿದು, ತೊಟ್ಟಿಯ ಜಲ್ಲಿಯೊಳಗೆ ಇಳಿಯುವುದನ್ನು ನೋಡುತ್ತ ನಿಂತರು. ಆಮೇಲೆ ಮೇಸ್ತ್ರಿಗೆ ಹಾಕು ಅಂತ ಕೈಮಾಡಿ, ಜೇಬಿನಿಂದ ಫೋನು ತೆಗೆದು ಟ್ಯಾಂಕರಿನವನನ್ನು ಕರೆದರು. ನಾಳೆ ಚಾಮರಾಜಪೇಟೆಗೆ ಬರಬೇಡಪ್ಪ ಅಂದರು. ಅವನು ಏನೋ ಕೇಳಿದ. ತುಂಬಿಸಿಟ್ಟ ಲೋಡನ್ನು ಎಲ್ಲಿಗೆ ಹಾಕಲಿ ಅಂತ ಇರಬೇಕು.

ಭಾವ ನನ್ನ ಕಡೆ ಒಂದು ಸಲ ನೋಡಿದರು.

"ಶೇಷಾದ್ರಿಪುರಂಗೆ ಕಳ್ಸು. ಅಲ್ಲಿ ಅಟ್ಯಾಚ್ಡು."